ಬಾಣ ಹಲಗೆ ದಾಟಿ ಹೋಗ್ತಿದೆ: 3ಡಿ ಗೇಮ್‌ನಲ್ಲಿ ಡಿಕ್ಕಿ ಪತ್ತೆಗೆ ಆಕ್‌ಟ್ರೀ ಬರೀಲೋ, ಜಿಜೆಕೆ ಕಲೀಲೋ? ಯಾವುದು ಫಾಸ್ಟ್?

ಸದ್ಯಕ್ಕೆ ಎರಡೂ ಬೇಡ. ಆಕ್‌ಟ್ರೀ ಅಂದರೆ ಜಾಗವನ್ನ ಎಂಟೆಂಟು ಭಾಗ ಮಾಡ್ತಾ ಹೋಗಿ, ಹತ್ತಿರದ ವಸ್ತುಗಳನ್ನ ಮಾತ್ರ ಹೋಲಿಸೋ ಉಪಾಯ; ಜಿಜೆಕೆ ಅಂದರೆ ಎರಡು ಆಕಾರ ತಾಗಿವೆಯಾ ಅಂತ ಪರೀಕ್ಷಿಸೋ ವಿಧಾನ. ಪುಣೆಯ ಕೋಥ್ರೂಡ್‌ನ ಬಾಡಿಗೆ ರೂಮಲ್ಲಿ ಇದೇ ತಲೆನೋವಿಗೆ ಎರಡು ತಿಂಗಳು ಹಾಳುಮಾಡಿಕೊಂಡವನು ನಾನು.

ಬರೀತಿದ್ದದ್ದು ಕೇರಂ ಗೇಮ್. 19 ಕಾಯಿನ್ (ಓನರ್ ಮಗ ‘ಸೋಂಗಟಿ’ ಅಂತಿದ್ದ), ಒಂದು ಸ್ಟ್ರೈಕರ್. ತಾಗಿವೆಯಾ ಅಂತ ನೋಡಬೇಕಾದ ಜೋಡಿ ಎಲ್ಲ ಎಣಿಸಿದರೂ 190. ಹಳೇ ಫೋನ್ ಕೂಡ ಇಷ್ಟನ್ನ ಸುಲಭವಾಗಿ ನೋಡಿ ಮುಗಿಸುತ್ತೆ. ನಾನೋ, ಸಾವಿರ ವಸ್ತು ಇದ್ದರೆ 4,99,500 ಜೋಡಿ ಆಗುತ್ತಲ್ಲಾ ಅಂತ ಹೆದರಿ ಆಕ್‌ಟ್ರೀ ಕಟ್ಟಿದೆ. ಸಾವಿರ ಕಾಯಿನ್ ಹಿಡಿಸೋ ಬೋರ್ಡ್ ಎಲ್ಲಿ ಸಿಗುತ್ತೋ!

ಮೆಲ್ಲಗೆ ಹೊಡೆದರೆ ಎಲ್ಲ ಸರಿ. ಜೋರಾಗಿ ಹೊಡೆದರೆ ಸ್ಟ್ರೈಕರ್ ಕಾಯಿನ್ ಒಳಗಿಂದಲೇ ಹಾದು ಹೋಗ್ತಿತ್ತು. ವಿಜಯಪುರದ ರೂಮ್‌ಮೇಟ್, “ಲೇ, ಇದು ಸ್ಟ್ರೈಕರೋ ದೆವ್ವೋ?” ಅಂದ. ಪರೀಕ್ಷೆಯೇ ತಪ್ಪಿರಬೇಕು ಅಂದುಕೊಂಡು ಜಿಜೆಕೆಗೆ ಕೈ ಹಾಕಿದೆ. ಗಿಲ್ಬರ್ಟ್, ಜಾನ್ಸನ್, ಕೀರ್ತಿ ಮೂವರು 1988ರಲ್ಲಿ ಕೊಟ್ಟ ವಿಧಾನ ಅದು; ಒಳಗೆ ತಗ್ಗಿಲ್ಲದ ಆಕಾರಗಳಿಗೆ ಸೊಗಸಾಗಿ ಕೆಲಸ ಮಾಡುತ್ತೆ. ದುಂಡನೆಯ ಕಾಯಿನ್‌ಗೆ ಯಾಕೆ ಬೇಕಿತ್ತು? ಎರಡು ಕೇಂದ್ರಗಳ ದೂರ ನೋಡಿದ್ದರೆ ಸಾಕಿತ್ತು. ದೆವ್ವವೂ ಹೋಗಲಿಲ್ಲ.

ತಪ್ಪು ಇದ್ದದ್ದು ಇಲ್ಲಿ. ಸ್ಟ್ರೈಕರ್ ವೇಗ ಸೆಕೆಂಡಿಗೆ 6 ಮೀಟರ್. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ 10 ಸೆಂ.ಮೀ. ಸ್ಟ್ರೈಕರ್ ಅಗಲ ಸುಮಾರು 4.1, ಕಾಯಿನ್ 3.2. ಅಂದರೆ ನಟ್ಟನಡುವೆ ಬಂದರೂ ಒಂದರ ಮೇಲೊಂದು ಇರೋದು 7.3 ಸೆಂ.ಮೀ. ಹಾದಿಯಲ್ಲಿ ಮಾತ್ರ. ಈ ಫ್ರೇಮಲ್ಲಿ ಸ್ಟ್ರೈಕರ್ ಕಾಯಿನ್‌ಗಿಂತ ಈಚೆ, ಮುಂದಿನ ಫ್ರೇಮಲ್ಲಿ ಆಚೆ. ನನ್ನ ಕೋಡ್ ಎರಡೂ ಸಲ ‘ತಾಗಿಲ್ಲ’ ಅಂತ ನಿಜವನ್ನೇ ಹೇಳ್ತಿತ್ತು! ಕೇಳಬೇಕಾಗಿದ್ದದ್ದು ‘ಈಗ ತಾಗಿದೆಯಾ’ ಅಂತಲ್ಲ, ‘ನಡುವೆ ಯಾವಾಗ ತಾಗಿತು’ ಅಂತ. ಕೇಂದ್ರಗಳ ದೂರ ಎರಡೂ ತ್ರಿಜ್ಯಗಳ ಮೊತ್ತಕ್ಕೆ ಸಮವಾಗೋ ಕ್ಷಣ ಹುಡುಕಬೇಕು. ಹೈಸ್ಕೂಲಿನ ವರ್ಗಸಮೀಕರಣ ಅಷ್ಟೇ. ಸಣ್ಣ ಉತ್ತರ ಹಿಡಿದು, ಅಲ್ಲಿವರೆಗೆ ಜರುಗಿಸಿ, ಡಿಕ್ಕಿ ಮಾಡಿಸಿ, ಉಳಿದ ಸಮಯ ಮುಂದೆ ಓಡಿಸೋದು. ಹದಿನೈದು ಸಾಲು. ಆಕ್‌ಟ್ರೀ ಅಳಿಸಿಹಾಕಿದೆ, ಗೇಮ್ ಒಂದಿಷ್ಟೂ ನಿಧಾನ ಆಗಲಿಲ್ಲ.

ಯೂನಿಟಿ ಅನ್ನೋ ಗೇಮ್ ಎಂಜಿನ್ ಬಳಸ್ತಿದ್ದರೆ ಬಾಣದ ರಿಜಿಡ್‌ಬಾಡಿಯಲ್ಲಿ (ವಸ್ತುವಿನ ಚಲನೆ ನೋಡಿಕೊಳ್ಳೋ ಭಾಗ) ‘ಕೊಲಿಷನ್ ಡಿಟೆಕ್ಷನ್’ ಮೊದಲಿಗೆ ಡಿಸ್‌ಕ್ರೀಟ್ (ಆಯಾ ಕ್ಷಣದ ಜಾಗ ಮಾತ್ರ ನೋಡೋದು) ಇರುತ್ತೆ, ಕಂಟಿನ್ಯುಯಸ್ (ನಡುವಿನ ಹಾದಿಯನ್ನೂ ನೋಡೋದು) ಮಾಡಿ ನೋಡಿ. ಸ್ವಂತ ಕೋಡ್ ಆದರೆ ಬಾಣ ಒಂದು ಫ್ರೇಮಿಗೆ ಎಷ್ಟು ದೂರ ಹಾರುತ್ತೆ, ಹಲಗೆ ಎಷ್ಟು ದಪ್ಪ? ಆ ಎರಡು ಅಂಕಿ ಇಲ್ಲೇ ಕೆಳಗೆ ಬರೀರಿ.