ರಿಜಿಸ್ಟರ್ ಮೇಲೆ ಕೈಯಿಟ್ಟ ಖಜಾಂಚಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ಒಂದು ವೃತ್ತಿ ಸಂಘದ ಕಾರ್ಯದರ್ಶಿ. ಸದಸ್ಯರ ಲೆಕ್ಕ, ಚಂದಾ ನವೀಕರಣ ಎಲ್ಲವನ್ನೂ ಕಂಪ್ಯೂಟರಿಗೆ ತರೋಣ ಎಂದು ಆಡಳಿತ ಮಂಡಳಿಯ ಮುಂದೆ ಮೂರು ಸಲ ಪ್ರಸ್ತಾಪ ಇಟ್ಟೆ. ಮೂರು ಸಲವೂ ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದರು. ಕೊನೆಯ ಸಲ ಖಜಾಂಚಿಯವರು ರಿಜಿಸ್ಟರ್ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತುಬಿಟ್ಟರು. ಹಳಬರು ಕುರ್ಚಿ ಬಿಡುವ ತನಕ ಏನೂ ಆಗಲ್ಲ, ಅಲ್ವಾ?

ಸಂಪಾದಕರ ಉತ್ತರ:

ಖಜಾಂಚಿಯವರು ರಿಜಿಸ್ಟರ್ ಮೇಲೆ ಕೈಯಿಟ್ಟರು ಎಂಬ ಸಾಲನ್ನು ಎರಡು ಸಲ ಓದಿದೆ. ನಿಮಗೆ ಅದು ಹಟವಾಗಿ ಕಂಡಿದೆ. ನನಗೆ ಹಾಗನ್ನಿಸಲಿಲ್ಲ. ಯಾರು ಪ್ರತಿ ವರ್ಷ ತಡವಾಗಿ ಕಟ್ಟುತ್ತಾರೆ, ಯಾರಿಗೆ ಎರಡು ಸಲ ಫೋನ್ ಮಾಡಬೇಕು, ಯಾರು ಕಷ್ಟದಲ್ಲಿದ್ದಾರೆ ಎಂಬುದೆಲ್ಲ ಅಂಥ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಗುರುತಾಗಿ ಇರುತ್ತದೆ. ನಾಳೆ ಆ ಕೆಲಸವನ್ನು ಒಂದು ಬಟನ್ ಮಾಡುತ್ತದೆ ಎಂದರೆ ಸಂಘದಲ್ಲಿ ಅವರಿಗೇನು ಕೆಲಸ? ಅದನ್ನು ನಿಮ್ಮ ಪ್ರಸ್ತಾಪ ಹೇಳಿತ್ತಾ?

ನಾನೂ ಇದರಲ್ಲಿ ಸಾಚಾ ಅಲ್ಲ ಬಿಡಿ. ಓದುಗರ ಪತ್ರಗಳನ್ನು ಇಮೇಲಿನಲ್ಲಿ ತರಿಸೋಣ ಎಂದಾಗ, ಕೈಬರಹದ ಸೊಗಸು ಹೋಗುತ್ತದೆ ಎಂದು ದೊಡ್ಡದಾಗಿ ವಾದಿಸಿದವನು ನಾನೇ. ನಿಜ ಏನೆಂದರೆ, ಪಾಸ್‌ವರ್ಡ್ ಮರೆತು ಎಲ್ಲರ ಮುಂದೆ ಪೆದ್ದನಾಗುವ ಭಯ ಇತ್ತು.

ನಿಮ್ಮಂಥದ್ದೇ ಪ್ರಶ್ನೆ ಇಟ್ಟುಕೊಂಡು ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬ ಇಬ್ಬರು ಅಮೆರಿಕದ ಒಂದು ಪೈಜಾಮ ಕಾರ್ಖಾನೆಯಲ್ಲಿ ಪ್ರಯೋಗ ಮಾಡಿದ್ದರು. ವರದಿ ಬಂದದ್ದು 1948ರಲ್ಲಿ. ಬದಲಾವಣೆ ಬಹಳ ಸಣ್ಣದು. ಇಸ್ತ್ರಿಯಾದ ಬಟ್ಟೆಯನ್ನು ರಟ್ಟಿನ ಮೇಲೆ ಜೋಡಿಸುವ ಬದಲು ಡಬ್ಬಿಯಲ್ಲಿ ಜೋಡಿಸಬೇಕು, ಅಷ್ಟೇ. ಒಂದು ಗುಂಪಿಗೆ ಸುಮ್ನೆ ವಿಷಯ ತಿಳಿಸಿದರು. 40 ದಿನದೊಳಗೆ ಅವರಲ್ಲಿ ಶೇ. 17ರಷ್ಟು ಜನ ಕೆಲಸ ಬಿಟ್ಟರು. ಇದೇ ರೀತಿ ಕೆಲಸ ಬದಲಾದ ಬೇರೆ ಗುಂಪುಗಳನ್ನು ಕೂರಿಸಿಕೊಂಡು, ಹೊಸ ವಿಧಾನ ಹೇಗಿರಬೇಕು ಎಂದು ಅವರ ಜೊತೆಗೇ ಯೋಚಿಸಿದರು. ಅಲ್ಲಿ ಆ 40 ದಿನದಲ್ಲಿ ಒಬ್ಬರೂ ಬಿಡಲಿಲ್ಲ. ಎಲ್ಲರೂ ಯೋಚನೆಯಲ್ಲಿ ಸೇರಿದ್ದ ಗುಂಪುಗಳಲ್ಲಂತೂ ಕೆಲಸ ಮೊದಲಿಗಿಂತ ಜಾಸ್ತಿಯೇ ಆಯಿತು.

ನಿಮ್ಮ ಮಂಡಳಿಗೆ ಬಂದದ್ದು ಸಿದ್ಧ ಅಡುಗೆ. ಅವರಿಗೆ ಉಳಿದದ್ದು ಹೂಂ ಅನ್ನುವುದು, ಇಲ್ಲವೇ ಮುಂದೂಡುವುದು. ಮುಂದೂಡಿದರು.

ಆದ್ದರಿಂದ ನಾಲ್ಕನೇ ಸಲ ಅಜೆಂಡಾದಲ್ಲಿ ಹಾಕುವ ಮುಂಚೆ ಖಜಾಂಚಿಯವರ ಪಕ್ಕದಲ್ಲಿ ಕೂತು ರಿಜಿಸ್ಟರ್ ತಿರುವಿಹಾಕಿ. ಒಪ್ಪಿಸಲು ಹೋಗಬೇಡಿ, ಕೇಳಲು ಹೋಗಿ. ಕಂಪ್ಯೂಟರ್ ಎಲ್ಲಿ ಎಡವಬಹುದು ಎಂದು ಅವರೇ ಹೇಳಲಿ, ನೀವು ಬರೆದುಕೊಳ್ಳಿ. ಫೋನ್ ಬಳಸಲು ಬಾರದ ಸದಸ್ಯರು ಏನು ಮಾಡಬೇಕು ಎಂದು ಅವರು ಕೇಳಿದರೆ ಅದು ಅಡ್ಡಗಾಲಲ್ಲ, ನಿಮಗೆ ಹೊಳೆಯದ ವಿಷಯ. ಅವರ ಮಾತಿನಿಂದ ಪ್ರಸ್ತಾಪದಲ್ಲಿ ಒಂದಾದರೂ ಸಾಲು ಬದಲಾಗಬೇಕು. ಇಲ್ಲದಿದ್ದರೆ ಅದು ನಾಟಕ. ಅಷ್ಟು ವರ್ಷ ಲೆಕ್ಕ ನೋಡಿದವರಿಗೆ ನಾಟಕ ತಿಳಿಯದೆ ಇರುತ್ತದೆಯೇ?

ಆಮೇಲೆ ಠರಾವು. ‘ಇನ್ನು ಮುಂದೆ’ ಎಂಬ ಮಾತು ಅದರಲ್ಲಿ ಬೇಡ. ಆರು ತಿಂಗಳು ರಿಜಿಸ್ಟರ್, ಕಂಪ್ಯೂಟರ್ ಎರಡೂ ನಡೆಯಲಿ. ಏಳನೇ ತಿಂಗಳ ಸಭೆಯಲ್ಲಿ ಎರಡನ್ನೂ ತಾಳೆ ನೋಡಿ ತೀರ್ಮಾನಿಸೋಣ. ಬೇಡವೆನಿಸಿದರೆ ಹಳೆಯದಕ್ಕೇ ಹೋಗೋಣ. ಹಿಂದಿರುಗುವ ದಾರಿ ನಡಾವಳಿಯಲ್ಲೇ ಬರೆದಿದ್ದರೆ ಕೈಯೆತ್ತುವುದು ಸುಲಭ. ತಾಳೆ ನೋಡುವ ಜವಾಬ್ದಾರಿ ಖಜಾಂಚಿಯವರದೇ ಆಗಲಿ.

ಹಾಗಂತ ಎಲ್ಲರೂ ಇಂಥವರೇ ಎನ್ನುವಷ್ಟು ಮುಗ್ಧ ನಾನಲ್ಲ. ಲೆಕ್ಕ ಹೊರಬಂದರೆ ತೊಂದರೆ ಎಂದೇ ತಡೆಯುವವರೂ ಇರುತ್ತಾರೆ. ಅಂಥವರ ಎದುರು ಮಾತುಕತೆ ಸಾಲದು. ಬೈಲಾ ನೋಡಿ, ಕೋರಂ ನೋಡಿಕೊಂಡು ವಿಷಯವನ್ನು ಮಹಾಸಭೆಗೇ ಒಯ್ಯಬೇಕಾಗುತ್ತದೆ. ಆದರೆ ಅದು ಕೊನೆಯ ದಾರಿ. ರಿಜಿಸ್ಟರ್ ಮೇಲೆ ಕೈಯಿಟ್ಟ ಮಾತ್ರಕ್ಕೆ ಯಾರನ್ನೂ ಆ ಸಾಲಿಗೆ ಸೇರಿಸಬೇಡಿ.

ಇನ್ನೊಂದು. ಈ ಸಲ ಠರಾವು ಮಂಡಿಸುವವರು ನೀವಾಗಬೇಡಿ. ಖಜಾಂಚಿಯವರನ್ನೇ ಕೇಳಿನೋಡಿ.