ಅನ್ಸಿಬಲ್‌ನಿಂದ ಬ್ಯಾಕಪ್ ಸರ್ವರ್‌ನ ನೆಟ್‌ವರ್ಕ್ ಬದಲಿಸುವಾಗ ಸಂಪರ್ಕವೇ ಕಡಿದುಹೋದರೆ?

ನೀವು ಕೂತಿರುವುದು ಜಯನಗರದ ಆಫೀಸಿನಲ್ಲಿ, ಸರ್ವರ್ ಇರುವುದು ವೈಟ್‌ಫೀಲ್ಡ್‌ನ ಡೇಟಾ ಸೆಂಟರಿನಲ್ಲಿ. ಉಬುಂಟು 22.04. ಎರಡು ನೆಟ್‌ವರ್ಕ್ ಪೋರ್ಟ್ ಸೇರಿಸಿ ಒಂದೇ ಪೋರ್ಟಿನಂತೆ ಬಾಂಡ್ ಮಾಡಬೇಕು, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್ ಇಡಬೇಕು, ಎಲ್ಲವೂ ಅನ್ಸಿಬಲ್ (ದೂರದ ಸರ್ವರ್‌ಗಳನ್ನು ತಾನಾಗಿ ಸಿದ್ಧಮಾಡುವ ಸಾಧನ) ಪ್ಲೇಬುಕ್‌ನಿಂದಲೇ, ಅಂದರೆ ಅದಕ್ಕೆ ಕೊಡುವ ಟಾಸ್ಕ್‌ಗಳ ಪಟ್ಟಿಯಿಂದಲೇ ಆಗಬೇಕು. ನಡುವೆ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಸಂಪರ್ಕ) ಹೋದರೆ ಏನು ಗತಿ ಅಂತ ಕೇಳಿದ್ದೀರಿ.

ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಹೋದ ಮೇಲೆ ನಿಮ್ಮ ಲ್ಯಾಪ್‌ಟಾಪ್‌ನಿಂದ ಏನೂ ಮಾಡಲು ಬರುವುದಿಲ್ಲ. ಹಳೇ ಸ್ಥಿತಿಗೆ ಮರಳುವ ಕೆಲಸವನ್ನು ಆ ಮೆಷಿನ್ ತಾನೇ ಮಾಡಿಕೊಳ್ಳಬೇಕು. ಆ ಏರ್ಪಾಡು ಮೊದಲು, ಬದಲಾವಣೆ ಆಮೇಲೆ.

ನನ್ನ ಪ್ಲೇಬುಕ್‌ನ ಮೊದಲ ಟಾಸ್ಕ್ ಈಗಿನ ನೆಟ್‌ಪ್ಲಾನ್ ಫೈಲ್‌ಗಳನ್ನು (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ಫೈಲ್‌ಗಳು) ಬೇರೆ ಫೋಲ್ಡರಿಗೆ ಕಾಪಿ ಮಾಡುತ್ತದೆ. ಎರಡನೆಯದು ಸಿಸ್ಟಮ್‌ಡಿ-ರನ್ ಅನ್ನುವ ಕಮಾಂಡ್ ಬಳಸಿ ಸರ್ವರ್‌ನಲ್ಲೇ 10 ನಿಮಿಷದ ಟೈಮರ್ ಹಾಕುತ್ತದೆ. ಅಷ್ಟರಲ್ಲಿ ಯಾರೂ ಅದನ್ನು ನಿಲ್ಲಿಸದಿದ್ದರೆ, ಒಂದು ಸಣ್ಣ ಸ್ಕ್ರಿಪ್ಟ್ ಹೊಸ ಫೈಲ್ ತೆಗೆದು, ಹಳೇ ಫೈಲ್‌ಗಳನ್ನು ವಾಪಸ್ ಇಟ್ಟು ಸರ್ವರನ್ನು ರೀಬೂಟ್ ಮಾಡುತ್ತದೆ. ರೀಬೂಟ್ ಯಾಕೆ ಅಂದರೆ, ಒಮ್ಮೆ ಹುಟ್ಟಿದ ಬಾಂಡ್, ಫೈಲ್ ತೆಗೆದ ಮಾತ್ರಕ್ಕೆ ಪೂರ್ತಿ ಅಳಿಯುತ್ತದೆ ಅಂತ ನಂಬುವ ಹಾಗಿಲ್ಲ. ಆಮೇಲೆ ಹೊಸ ಫೈಲ್ ಇಟ್ಟು, ನೆಟ್‌ಪ್ಲಾನ್ ಜನರೇಟ್ ಓಡಿಸುತ್ತೇನೆ. ಆ ಫೈಲಿನ ಯಾಮಲ್ ಬರವಣಿಗೆಯಲ್ಲಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ನೆಟ್‌ವರ್ಕ್‌ಗೆ ಇನ್ನೂ ಏನೂ ಆಗಿರುವುದಿಲ್ಲ. ಬದಲಾವಣೆಯನ್ನು ಜಾರಿಗೆ ತರುವ ನೆಟ್‌ಪ್ಲಾನ್ ಅಪ್ಲೈ ಟಾಸ್ಕ್‌ಗೆ ಅಸಿಂಕ್ ಹಾಕಿ, ಪೋಲ್ 0 ಇಡಿ, ಅಂದರೆ ಉತ್ತರಕ್ಕೆ ಕಾಯದೆ ಅದು ಸರ್ವರ್‌ನಲ್ಲಿ ತಾನೇ ಓಡಲಿ. ಇಲ್ಲದಿದ್ದರೆ ಎಸ್‌ಎಸ್‌ಎಚ್ ಕಡಿದ ಕ್ಷಣ ಅನ್ಸಿಬಲ್ ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತದೆ.

ಇಲ್ಲಿ ಒಂದು ವಿಷಯ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅನ್ಸಿಬಲ್ ಹಳೇ ಎಸ್‌ಎಸ್‌ಎಚ್ ಸಂಪರ್ಕವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಅದನ್ನೇ ಮತ್ತೆ ಬಳಸುತ್ತದೆ. ಹಾಗಾಗಿ ರೀಸೆಟ್ ಕನೆಕ್ಷನ್ ಕೊಟ್ಟು ಆ ಸಂಪರ್ಕ ಮುಚ್ಚಿ, ಆಮೇಲೆ ಸರ್ವರ್ ಸಿಗುವ ತನಕ ಕಾಯುವ ವೇಟ್ ಫಾರ್ ಕನೆಕ್ಷನ್ ಹಾಕಿ. ಹೊಸದಾಗಿ ಒಳಗೆ ಹೋಗಲು ಆಯಿತೇ ಅನ್ನುವುದೇ ನಿಜವಾದ ಪರೀಕ್ಷೆ. ಐಪಿ ಬದಲಾಗುತ್ತಿದ್ದರೆ ಅನ್ಸಿಬಲ್‌ಗೆ ಹೊಸ ವಿಳಾಸ ಹೇಳಿಕೊಡಬೇಕು, ಇಲ್ಲದಿದ್ದರೆ ಅದು ಹಳೇ ಬಾಗಿಲನ್ನೇ ತಟ್ಟುತ್ತಿರುತ್ತದೆ. ಒಳಗೆ ಹೋಗಿ, ಎಲ್ಲಾ ಪರೀಕ್ಷೆ ಪಾಸಾದ ಮೇಲೆ, ಕೊನೆಯ ಟಾಸ್ಕ್ ಟೈಮರ್ ನಿಲ್ಲಿಸಬೇಕು. ಯಾವ ಪರೀಕ್ಷೆ ಫೇಲಾದರೂ ಪ್ಲೇಬುಕ್ ಅಲ್ಲೇ ನಿಲ್ಲುತ್ತದೆ, ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ, ಸರ್ವರ್ ತಾನಾಗಿ ಹಿಂದಿನ ಸ್ಥಿತಿಗೆ ಬರುತ್ತದೆ.

ನೆಟ್‌ಪ್ಲಾನ್ ಟ್ರೈ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಹಳೇದಕ್ಕೆ ಮರಳುತ್ತದೆ. ಆದರೆ ಅದು ಕೀಬೋರ್ಡ್ ಮುಂದೆ ಕೂತವರಿಗಾಗಿ ಮಾಡಿದ್ದು. ಅಲ್ಲದೆ ಬಾಂಡ್‌ಗೆ ನಾವು ಕೊಡುವ ಮೋಡ್‌ನಂಥ ಪ್ಯಾರಾಮೀಟರ್‌ಗಳನ್ನು ಹಿಂದಿರುಗಿಸಲು ಅದಕ್ಕೆ ಬರುವುದಿಲ್ಲ. ನಿಮ್ಮದು ಬಾಂಡ್ ಕೆಲಸ. ಅನ್ಸಿಬಲ್‌ನ ಚೆಕ್ ಮೋಡ್ (ಏನನ್ನೂ ಬದಲಿಸದೆ ಓಡಿಸಿ ನೋಡುವುದು) ಕೂಡ ಅಷ್ಟೇ. ಫೈಲಿನಲ್ಲಿ ಯಾವ ಸಾಲು ಬದಲಾಗುತ್ತೆ ಅಂತ ತೋರಿಸುತ್ತದೆ, ನೆಟ್‌ವರ್ಕ್‌ಗೆ ಏನಾಗುತ್ತೆ ಅಂತ ಹೇಳುವುದಿಲ್ಲ.

ಇನ್ನು ಪರೀಕ್ಷೆಯ ವಿಷಯ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ, ಆಗ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ, ಬ್ಯಾಕಪ್ ಸರ್ವರ್ ಮತ್ತು ಸ್ಟೋರೇಜ್ ಎರಡಕ್ಕೂ ಎಂಟಿಯು 9000 ಮಾಡಿದೆ. ನಡುವಿನ ಸ್ವಿಚ್ ಒಂದು 1500ರಲ್ಲೇ ಉಳಿದಿತ್ತು. ಎಸ್‌ಎಸ್‌ಎಚ್ ಬೇರೆ ಪೋರ್ಟ್‌ನಲ್ಲಿತ್ತು, ಚೆನ್ನಾಗಿತ್ತು. ಪಿಂಗ್ ಹೋಗುತ್ತಿತ್ತು. ಪ್ಲೇಬುಕ್ ಪೂರ್ತಿ ಹಸಿರು. ಆದರೆ ದೊಡ್ಡ ಪ್ಯಾಕೆಟ್‌ಗಳನ್ನೆಲ್ಲ ಆ ಸ್ವಿಚ್ ಸದ್ದಿಲ್ಲದೆ ಬಿಸಾಡುತ್ತಿತ್ತು. ಸ್ಟೋರೇಜನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಹಾರ್ಡ್ ಮೌಂಟ್ ಮಾಡಿದ್ದರಿಂದ ಬರಹ ವಿಫಲವಾಗಲಿಲ್ಲ, ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕೂತಿತು. ಡ್ಯಾಶ್‌ಬೋರ್ಡ್‌ನಲ್ಲಿ ಜಾಬ್ ‘ನಡೆಯುತ್ತಿದೆ’ ಅಂತಲೇ ಇತ್ತು, ಫೇಲ್ ಅಂತ ಒಂದು ಮೇಲ್ ಕೂಡ ಬರಲಿಲ್ಲ. ನಾಲ್ಕನೇ ದಿನ ಅಕೌಂಟ್ಸ್‌ನವರು ಅಳಿಸಿಹೋದ ಒಂದು ಫೈಲ್ ಕೇಳಿದಾಗ, ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅವರ ಮೂರು ದಿನದ ಕೆಲಸ ಹೋಯಿತು.

ವೆಬ್ ಸರ್ವರ್ ಬಿದ್ದರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ. ಬ್ಯಾಕಪ್ ಸರ್ವರ್ ಬಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಅದಕ್ಕೇ ಡೇಟಾ ಹೋಗುವ ದಾರಿಯಲ್ಲೇ ಪರೀಕ್ಷೆ ಮಾಡಿ. ಪಿಂಗ್ ಕೊಡುವಾಗ ಪ್ಯಾಕೆಟ್ ಒಡೆಯಬೇಡ ಅಂತ ಹೇಳಿ, 8972 ಬೈಟ್ ಕಳಿಸಿ. 9000ದಲ್ಲಿ ಐಪಿ ಹೆಡರಿನ 20, ಪಿಂಗ್ ಬಳಸುವ ಐಸಿಎಂಪಿಯ ಹೆಡರಿನ 8 ಕಳೆದರೆ ಉಳಿಯುವುದು ಅಷ್ಟು. ಅದು ದಾಟಿದ ಮೇಲೆ ಸ್ಟೋರೇಜ್‌ಗೆ ಒಂದು ಜಿಬಿ ಫೈಲ್ ಬರೆದು, ವಾಪಸ್ ಓದಿ, ಎರಡೂ ಒಂದೇ ಅಂತ ಖಚಿತಪಡಿಸಲು ಚೆಕ್‌ಸಮ್ ಹೋಲಿಸಿ. ಈ ಟಾಸ್ಕ್‌ಗಳಿಗೆ ಟೈಮ್‌ಔಟ್ ಇರಲೇಬೇಕು, ಇಲ್ಲದಿದ್ದರೆ ಅವೂ ನನ್ನ ಜಾಬ್ ಥರ ಕೂತುಬಿಡುತ್ತವೆ.

ಕಾನ್ಫಿಗ್ ಬರೆಯುವಾಗ ಪೋರ್ಟ್‌ಗಳನ್ನು ಹೆಸರಿನಿಂದ ಹಿಡಿಯಬೇಡಿ, ಮ್ಯಾಕ್ ವಿಳಾಸದಿಂದ (ಕಾರ್ಡಿನಲ್ಲೇ ಇರುವ ಗುರುತಿನ ಸಂಖ್ಯೆ) ಹಿಡಿಯಿರಿ. ಸ್ಲಾಟ್‌ಗೆ ಹೊಸ ಕಾರ್ಡ್ ಹಾಕಿದರೆ ಹೆಸರು ಬದಲಾಗಬಹುದು. ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್‌ಗೆ, ಅಂದರೆ ನೀವು ಲಾಗಿನ್ ಆಗುವ ಪೋರ್ಟ್‌ಗೆ ಮಾತ್ರ. ಸಾಧ್ಯವಾದರೆ ನೀವು ಒಳಗೆ ಹೋಗುವ ಪೋರ್ಟನ್ನು ಬಾಂಡ್‌ಗೆ ಸೇರಿಸಲೇಬೇಡಿ. ಎರಡು ಪೋರ್ಟ್ ಸೇರಿಸಿದರೆ ವೇಗ ಇಮ್ಮಡಿ ಅಂತಲೂ ಲೆಕ್ಕ ಹಾಕಬೇಡಿ. ಎಲ್‌ಎಸಿಪಿ ಅನ್ನುವ ಬಾಂಡ್ ಮೋಡ್‌ನಲ್ಲಿ ಒಂದು ಟಿಸಿಪಿ ಸಂಪರ್ಕ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ.

ಶುರು ಮಾಡುವ ಮುಂಚೆ ಐಡ್ರ್ಯಾಕ್ ಅಥವಾ ಐಲೋ (ಉಬುಂಟು ಸಿಗದಿದ್ದರೂ ದೂರದಿಂದ ಸರ್ವರ್‌ನ ಸ್ಕ್ರೀನ್ ತೋರಿಸುವ ಪ್ರತ್ಯೇಕ ವ್ಯವಸ್ಥೆ), ನಿಮ್ಮಲ್ಲಿ ಯಾವುದಿದೆಯೋ ಅದರ ಕನ್ಸೋಲ್ ತೆರೆದು ಲಾಗಿನ್ ಆಗಿ ನೋಡಿ. ಅದು ಸರ್ವರ್‌ನ ಮಾಮೂಲಿ ಲ್ಯಾನ್ ಪೋರ್ಟನ್ನೇ ಹಂಚಿಕೊಂಡಿದ್ದರೆ, ಬಾಂಡ್ ಮಾಡುವಾಗ ಅದೂ ಜೊತೆಗೇ ಹೋಗಬಹುದು. ಬೇರೆ ಕೇಬಲ್ ಇದೆಯಾ ಅಂತ ಡೇಟಾ ಸೆಂಟರಿನವರನ್ನು ಕೇಳಿ.

ಭಾನುವಾರ ರಾತ್ರಿ ಈ ಕೆಲಸ ಇಟ್ಟುಕೊಳ್ಳುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಬ್ಯಾಕಪ್ ಜಾಬ್‌ಗಳು ಓಡುವುದು ಸಾಮಾನ್ಯವಾಗಿ ರಾತ್ರಿಯೇ, ಹಗಲು ಸರ್ವರ್ ಖಾಲಿ ಇರುತ್ತದೆ. ಮಂಗಳವಾರ ಬೆಳಗ್ಗೆ 11ಕ್ಕೆ ಮಾಡಿ. ಸ್ವಿಚ್ ನೋಡುವವರು ಆಫೀಸಿನಲ್ಲೇ ಇರುತ್ತಾರೆ. ತೀರಾ ಹೋಗಲೇಬೇಕಾಗಿ ಬಂದರೂ ಜಯನಗರದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿದರೆ ವೈಟ್‌ಫೀಲ್ಡ್ ತಲುಪಬಹುದು. ರಾತ್ರಿ ಒಂದು ಗಂಟೆಗೆ ಆ ದಾರಿ ಇರುವುದಿಲ್ಲ.

ಟೈಮರ್ ನಿಲ್ಲಿಸಿದ ಮೇಲೆ, ಅದೇ ದಿನ, ಒಮ್ಮೆ ನೀವೇ ರೀಬೂಟ್ ಮಾಡಿ. ಕ್ಲೌಡ್-ಇನಿಟ್ (ಬೂಟ್ ಹೊತ್ತಿಗೆ ಸರ್ವರ್ ಸೆಟಪ್ ಮಾಡುವ ಪ್ರೋಗ್ರಾಂ) ಇದ್ದರೆ ಅದರ ಹಳೇ ನೆಟ್‌ಪ್ಲಾನ್ ಫೈಲ್ ಬೂಟ್ ಹೊತ್ತಿಗೆ ಮತ್ತೆ ಬಂದು ಕೂರಬಹುದು, ಅದರ ನೆಟ್‌ವರ್ಕ್ ಭಾಗವನ್ನು ಮೊದಲೇ ಆಫ್ ಮಾಡಿಡಿ. ಮಾರನೇ ದಿನ ಬೆಳಗ್ಗೆ ರಾತ್ರಿಯ ಬ್ಯಾಕಪ್‌ನಿಂದ ಒಂದು ಫೈಲ್ ರಿಸ್ಟೋರ್ ಮಾಡಿ, ತೆರೆದು ಓದಿ ನೋಡಿ. ಟಿಕೆಟ್ ಮುಚ್ಚುವುದು ಅದಾದ ಮೇಲೆ.