ತೆಂಗಿನ ಗರಿ ಒಣಗಿಸುವ ಬೂದು ಪತಂಗ

ಪ್ರಶ್ನೆ: ತೆಂಗಿನ ಕೆಳಗರಿಗಳು ಸುಟ್ಟಂತೆ ಒಣಗಿವೆ. ರಾತ್ರಿ ದೀಪಕ್ಕೆ ಸಣ್ಣ ಬೂದು ಪತಂಗಗಳು ಬರುತ್ತವೆ. ಸಂಬಂಧ ಇದೆಯೇ?
– ಓದುಗರು, ಬ್ರಹ್ಮಾವರ

ಉತ್ತರ: ದೀಪಕ್ಕೆ ನಾನಾ ಪತಂಗಗಳು ಬರುತ್ತವೆ, ಅದನ್ನೇ ನಂಬಬೇಡಿ. ಒಣಗಿದ ಎಲೆಯ ಅಡಿಭಾಗ ನೋಡಿ. ನೂಲು ಮತ್ತು ಹಿಕ್ಕೆ ಸೇರಿದ ಕೊಳವೆಯಂಥ ಗೂಡು, ಒಳಗೆ ಕಂದು ಗೆರೆಗಳ ಹಸಿರು ಮರಿ ಇದ್ದರೆ ಅದು ಕಪ್ಪುತಲೆ ಹುಳು, ಒಪಿಸಿನಾ ಅರೆನೊಸೆಲ್ಲಾ. ಭಾರತ, ಶ್ರೀಲಂಕಾದ್ದೇ ಜೀವಿ. ಮರಿ ಸುಮಾರು 40 ದಿನ ಹಸಿರು ಕೆರೆದು ತಿಂದು ಗೂಡಿನಲ್ಲೇ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಹೆಚ್ಚುಕಡಿಮೆ ಎರಡು ತಿಂಗಳು. ಹೆಣ್ಣು ಹಳೆಯ ಗೂಡುಗಳ ಬಳಿಯೇ ಮೊಟ್ಟೆಯಿಡುವುದರಿಂದ, ತೀರಾ ಹಾಳಾದ ಎರಡು–ಮೂರು ಕೆಳಗರಿ ಕಡಿದು ಸುಡಿ. ಹಸಿರು ಗರಿ ಮುಟ್ಟಬೇಡಿ, ಇಳುವರಿ ಕುಸಿಯುತ್ತದೆ.

ಬಳಿಕ ಈ ಹುಳುವಿನ ಮರಿಯನ್ನು ಕೊಲ್ಲುವ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಮರಕ್ಕೆ 20ರಂತೆ ಬಿಡಿ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಈ ಕಣಜಕ್ಕೆ ಬೇಕಾದದ್ದು ಬಲಿತ ಮರಿ. ಮೊಟ್ಟೆ, ಎಳೆಮರಿ ಅಥವಾ ಕೋಶ ಮಾತ್ರ ಇರುವಾಗ ಬಿಟ್ಟರೆ ವ್ಯರ್ಥ. ಬಿಡುವ ಮುನ್ನ ಕಣಜಗಳಿಗೆ ಜೇನು ಉಣಿಸಿ. ಆ ದಿನಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಮೊದಲು ಸಾಯುವುದು ಕಣಜವೇ. ಮರಿ ಗೂಡಿನೊಳಗೆ ಕ್ಷೇಮ.